ಸಹಾಯ ಬೇಕು: ಮಾಸಿನ ‘ಸ್ಟ್ರೆಸ್’ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಕೋಲಾರದಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಮುಂದಿನ ವಾರ ಮುಳಬಾಗಿಲು ಕಡೆಯ ಹಳ್ಳಿಯೊಂದರಲ್ಲಿ ಬಸುರಿಯರಿಗೆ ಮಾಸಿನ (ಪ್ಲಾಸೆಂಟಾ) ಬಗ್ಗೆ ಹೇಳಬೇಕು. ‘ಆಕ್ಸಿಡೇಟಿವ್ ಸ್ಟ್ರೆಸ್’ ಹತ್ತಿರ ಸಿಕ್ಕಿಕೊಂಡಿದ್ದೇನೆ. ಸ್ಟ್ರೆಸ್ ಅಂದರೆ ಎಲ್ಲರೂ ಮನಸ್ಸಿನ ಟೆನ್ಷನ್ ಅಂದುಕೊಳ್ಳುತ್ತಾರೆ, ಅಲ್ವಾ?

ವಿಷಯ ಬೇರೆ: ಆಕ್ಸಿಜನ್‌ನಿಂದ ಹುಟ್ಟುವ ಚುರುಕು ಕಣಗಳು ದೇಹ ತಡೆಯಬಲ್ಲಷ್ಟಕ್ಕಿಂತ ಹೆಚ್ಚಾಗಿ ಜೀವಕೋಶಗಳಿಗೆ ಪೆಟ್ಟು ಕೊಡುವುದು. ಮೊದಮೊದಲು ಮಾಸಿನಲ್ಲಿ ಆಕ್ಸಿಜನ್ ಕಡಿಮೆಯೇ ಇರುತ್ತದೆ. ಮಾಸಿಗೆ ರಕ್ತ ತರುವ ತಾಯಿಯ ರಕ್ತನಾಳಗಳ ಬಾಯಿ ಬಹುಪಾಲು ಮುಚ್ಚಿರುತ್ತದೆ. 10ರಿಂದ 12ನೇ ವಾರದ ಹೊತ್ತಿಗೆ ಅದು ತೆರೆದು, ರಕ್ತ ನುಗ್ಗಿ, ಆಕ್ಸಿಜನ್ ಸುಮಾರು ಮೂರು ಪಟ್ಟು ಏರುತ್ತದೆ. ಆರೋಗ್ಯವಂತ ಬಸುರಿಯ ಮಾಸಿಗೂ ಆಗ ಸ್ವಲ್ಪ ಪೆಟ್ಟು ಬೀಳುತ್ತದೆ. ಆ ಪೆಟ್ಟನ್ನು ತಡೆಯುವ ಕಿಣ್ವಗಳನ್ನೂ ಮಾಸೇ ಹೆಚ್ಚಿಸಿಕೊಳ್ಳುತ್ತದೆ.

‘ತುಕ್ಕು’ ಅನ್ನೋಣ ಅಂದರೆ ಸುಮ್ನೆ ಹೆದರಿಬಿಡುತ್ತಾರೆ. ಈ ಪೆಟ್ಟು ತಡೆಯಲು ವಿಟಮಿನ್ ಸಿ, ಇ ಮಾತ್ರೆ ಬೇಕಾ ಅಂತಲೂ ಕೇಳುತ್ತಾರೆ. ಪ್ರಿಎಕ್ಲಾಂಪ್ಸಿಯಾ (ಬಸಿರಿನಲ್ಲಿ ಬಿಪಿ ಏರುವ ಕಾಯಿಲೆ) ತಡೆಯಲು ಅವನ್ನು ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳಲ್ಲಿ ಲಾಭ ಕಾಣಲಿಲ್ಲ.

ಆಶಾ ಅಕ್ಕಂದಿರೇ, ಹಳ್ಳಿಯವರಿಗೆ ಒಪ್ಪುವ ಮಾತು ಇದ್ದರೆ ಹೇಳಿ.