ಅಪ್‌ಡೇಟ್: ಮಗಳಿಗೆ ಡಿಜಿಟಲ್ ಪಿಯಾನೋ ತಗೊಂಡ್ವಿ

ಪಿಯಾನೋ ಕ್ಲಾಸಿಗೆ ಸೇರಿರೋ ಮಗಳಿಗೆ 35 ಸಾವಿರದೊಳಗೆ ಯಾವುದು ತಗೊಳ್ಳೋದು, 61 ಕೀ ಕೀಬೋರ್ಡ್ ಸಾಕಾ ಅಂತ ಕೇಳಿದ್ದೆ. ಸೆಕೆಂಡ್ ಹ್ಯಾಂಡ್ ಯಮಹಾ ಪಿ-45 ತಗೊಂಡ್ವಿ, ಸ್ಟ್ಯಾಂಡ್ ಸೇರಿ ಬಜೆಟ್ ಒಳಗೇ ಮುಗೀತು. 2023ರಲ್ಲಿ ಪಿ-145 ಬಂದಮೇಲೆ ಇದು ಹಳೇ ಮಾಡೆಲ್ ಆಯ್ತು, ಆದ್ರೆ ಕಲಿಯೋರಿಗೆ ಬೇಕಾದ 88 ವೇಟೆಡ್ ಕೀ (ನಿಜವಾದ ಪಿಯಾನೋ ತರ ಒತ್ತೋಕೆ ಭಾರ ಇರೋ ಕೀ) ಇದರಲ್ಲೂ ಇದೆ.

"ಸೌಂಡ್ ಪೂರ್ತಿ ಕಡಿಮೆ ಮಾಡಿ ಒಂದೊಂದೇ ಕೀ ಒತ್ತಿ ನೋಡಿ" ಅಂದವರಿಗೆ ತುಂಬಾ ಥ್ಯಾಂಕ್ಸ್, ಅದೇ ನಮ್ಮನ್ನ ಉಳಿಸಿದ್ದು. ಮೊದಲು ನೋಡಿದ ಪೀಸ್ ಫಳಫಳ ಅಂತಿತ್ತು, ಸೌಂಡ್ ತೆಗೆದು ಒತ್ತಿದ್ರೆ ಮಧ್ಯದ ಕೀಗಳು ಟಕ್ ಟಕ್ ಅಂತಿದ್ವು, ಒಂದಂತೂ ಮೇಲೇಳೋಕೆ ತಡ ಮಾಡ್ತಿತ್ತು, ಬೇಡ ಅಂತ ಬಂದ್ಬಿಟ್ವಿ. 61 ಕೀ ಸಲಹೆ ನಮಗೆ ಆಗಲಿಲ್ಲ, ಅಂಗಡೀಲಿ ಎರಡನ್ನೂ ನುಡಿಸಿದಾಗ ಮೆಲ್ಲಗೆ-ಜೋರಾಗಿ ಒತ್ತೋ ವ್ಯತ್ಯಾಸ ಮಗಳಿಗೇ ಗೊತ್ತಾಯ್ತು. ಎಕ್ಸ್ ಆಕಾರದ ಸ್ಟ್ಯಾಂಡೂ ಸರಿಹೋಗ್ಲಿಲ್ಲ, ಮೊಣಕಾಲು ತಾಗುತ್ತೆ, ಜೋರಾಗಿ ನುಡಿಸಿದ್ರೆ ಅಲ್ಲಾಡುತ್ತೆ, ಈಗ ಮೇಜಿನ ತರದ್ದು ಹಾಕಿದೀವಿ.

ಯಾರೂ ಹೇಳದೇ ಇದ್ದದ್ದು ಎರಡು. ಹೆಡ್‌ಫೋನ್ ಕಿಂಡಿ ದಪ್ಪದ್ದು, 6.3 ಎಂಎಂ, ಮೊಬೈಲಿಂದು ಹೋಗಲ್ಲ, ಬೆಂಗಳೂರಿನ ಎಸ್‌ಪಿ ರೋಡಲ್ಲಿ (ಎಲೆಕ್ಟ್ರಾನಿಕ್ಸ್ ಮಾರ್ಕೆಟ್) ಅಡಾಪ್ಟರ್ ತಂದ್ವಿ. ಇನ್ನೊಂದು, ಹೆಡ್‌ಫೋನ್ ಹಾಕಿದ್ರೂ ಕೀ ಒತ್ತೋ ಧಬಧಬ ಕೆಳಗಿನ ಮನೆಗೆ ಕೇಳುತ್ತೆ, ಅಪಾರ್ಟ್‌ಮೆಂಟಲ್ಲಿರೋರು ಸ್ಟ್ಯಾಂಡ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ನಮಗೆ ಅದರಿಂದ ಎಷ್ಟೋ ಕಡಿಮೆಯಾಯ್ತು. ಬೇರೆ ಮಾಡೆಲ್ ನೋಡ್ತಿರೋರು ಕಿಂಡಿ ಸೈಜ್ ಮೊದಲೇ ಕೇಳ್ಕೊಳ್ಳಿ, ಎಲ್ಲದರಲ್ಲೂ ಒಂದೇ ಇರಲ್ಲ.