ಅಪ್‌ಡೇಟ್: ವಾಸೆಕ್ಟಮಿ ರಿವರ್ಸಲ್ ನಂತರದ ಊತ ಇಳಿಯಿತು

ವಾಸೆಕ್ಟಮಿಯಲ್ಲಿ (ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆ) ಕತ್ತರಿಸಿದ್ದ ವೀರ್ಯನಾಳವನ್ನು ಮತ್ತೆ ಜೋಡಿಸುವ ರಿವರ್ಸಲ್ ಆದಮೇಲೆ ವೃಷಣಚೀಲದ ಬಲಗಡೆ ಊದಿ ನೀಲಿಗಟ್ಟಿದ್ದು ಇಳಿಯುತ್ತಿಲ್ಲ ಅಂತ ಹಿಂದೆ ಇಲ್ಲಿ ಕೇಳಿದ್ದೆ, ಈಗ ಬಹುಪಾಲು ಇಳಿದಿದೆ. ಅಲ್ಟ್ರಾಸೌಂಡ್‌ನಲ್ಲಿ ಕಂಡದ್ದು ಸಣ್ಣ ಹೆಮಟೋಮಾ, ಅಂದರೆ ಒಳಗೆ ಹೆಪ್ಪುಗಟ್ಟಿದ ರಕ್ತ. ಕೀವಲ್ಲ, ಹಾಗಾಗಿ ಸೂಜಿ ಹಾಕಲಿಲ್ಲ. ತಾನೇ ಕರಗುತ್ತೆ ಅಂದರು ಡಾಕ್ಟರ್.

ಕೆಲಸಕ್ಕೆ ಬಂದ ಸಲಹೆ ಬಿಗಿ ಸಪೋರ್ಟರ್ (ವೃಷಣಚೀಲವನ್ನು ಎತ್ತಿ ಹಿಡಿಯುವ ಒಳಉಡುಪು): ಹಗಲೂ ರಾತ್ರಿಯೂ, ಮಲಗಿದಾಗ ಚೀಲದ ಕೆಳಗೆ ಮಡಚಿದ ಟವೆಲ್. ಐಸ್ ಪ್ಯಾಕ್‌ನಿಂದ ಏನೂ ಆಗಲಿಲ್ಲ, ಅದರ ಉಪಯೋಗ ಹೆಚ್ಚಾಗಿ ಮೊದಲ 48 ಗಂಟೆಗಳಲ್ಲೇ ಅಂತೆ. ಬಿಸಿನೀರಿನ ಟಬ್ ಅಂತೂ ಬೇಡವೇ ಬೇಡ, ಹೊಲಿಗೆ ಇನ್ನೂ ಹಸಿ.

ಹೊಸದಾಗಿ ತಿಳಿದದ್ದು: ಜೋಡಿಸಿದ ಜಾಗದಲ್ಲಿ ವೀರ್ಯಾಣು ಸೋರಿದರೆ ಗ್ರಾನ್ಯುಲೋಮಾ ಎಂಬ ಪುಟ್ಟ ಗಂಟಾಗಬಹುದು. ಗಾಯದ ಕಲೆ ಬೆಳೆದು ನಾಳ ತಿಂಗಳುಗಳ ಮೇಲೂ ಮತ್ತೆ ಮುಚ್ಚಿಕೊಳ್ಳಬಹುದು. ಆದ್ದರಿಂದ ಮೊದಲ ವೀರ್ಯ ಪರೀಕ್ಷೆ ಚೆನ್ನಾಗಿ ಬಂದರೂ ಮತ್ತೆ ಮತ್ತೆ ಮಾಡಿಸಬೇಕು. ಜ್ವರ, ಕೀವು, ದಿಢೀರನೆ ಹಿಗ್ಗುವ ಊತ ಇದ್ದರೆ ಕಾಯಬೇಡಿ, ಅದೇ ದಿನ ಸರ್ಜನ್ ಹತ್ತಿರ ಹೋಗಿ.