ಸಹಾಯ ಬೇಕು: ಡ್ಯಾನ್ಯೂಬ್ ದಂಡೆಯಲ್ಲಿ ಚಳಿ, ಎದುರುಗಾಳಿ, ಇ-ಬೈಕ್ ಬ್ಯಾಟರಿ

ಎಲ್ಲರಿಗೂ ನಮಸ್ಕಾರ. ನಾವು ವಿಯೆನ್ನಾದಲ್ಲಿರುವ ಕನ್ನಡದವರು. ನಾನು, ನನ್ನ ಹೆಂಡತಿ ಇಬ್ಬರೂ ಇ-ಬೈಕಿನಲ್ಲಿ ನದಿ ಪಕ್ಕದ ದಾರಿ ಹಿಡಿದು ಪಶ್ಚಿಮಕ್ಕೆ, ಜರ್ಮನಿ ಗಡಿಯ ಪಾಸಾವ್ ಊರಿನ ಕಡೆ ಹೊರಟಿದ್ದೇವೆ. ಈಗ ಕ್ರೆಮ್ಸ್‌ನಲ್ಲಿದ್ದೇವೆ. ನಾಳೆ ವಾಖಾವ್ ಕಣಿವೆ ದಾಟಿ ಮೆಲ್ಕ್ ಸೇರಬೇಕು. ದೂರ ಜಾಸ್ತಿ ಇಲ್ಲ, ಸುಮಾರು 35 ಕಿ.ಮೀ.

ಕಷ್ಟ ಗಾಳಿಯದು. ಇಲ್ಲಿ ಪಶ್ಚಿಮದ ಗಾಳಿಯೇ ಹೆಚ್ಚು. ಅದಕ್ಕೇ ಬಹಳ ಜನ ಪಾಸಾವ್‌ನಿಂದ ವಿಯೆನ್ನಾ ಕಡೆಗೆ ಬರುತ್ತಾರೆ. ಪಾಸಾವ್‌ನಲ್ಲಿ ನೆಂಟರು ಕಾಯುತ್ತಿರುವುದರಿಂದ ನಮ್ಮದು ಉಲ್ಟಾ ದಿಕ್ಕು. ಇವತ್ತು ಟುಲ್ನ್ ಊರು ದಾಟಿದ ಮೇಲೆ ನದಿಯ ಏರಿ ಮೇಲಿನ ಬಯಲು ದಾರಿಯಲ್ಲಿ ಗಾಳಿ ಎದೆಗೇ ಬಡಿಯುತ್ತಿತ್ತು. ಸಪಾಟು ದಾರಿಯಲ್ಲೂ ಮೋಟಾರು ಏರು ಹತ್ತಿದ ಹಾಗೆ ದುಡಿಯಿತು. ಚಳಿಗೆ ಬ್ಯಾಟರಿ ಬೇರೆ ಬೇಗ ಇಳಿಯುತ್ತದೆ, ಅಲ್ವಾ? ನಮ್ಮದು 500 ವ್ಯಾಟ್-ಅವರ್‌ನದು. ರಾತ್ರಿ ರೂಮಿನೊಳಗೇ ಇಟ್ಟು, ಬೆಚ್ಚಗಾದ ಮೇಲೆ ಚಾರ್ಜ್ ಮಾಡುತ್ತೇವೆ.

ಈ ದಾರಿಯಲ್ಲಿ ಚಳಿಗಾಲದಲ್ಲಿ ಹೋದವರು ದಯವಿಟ್ಟು ಹೇಳಿ. ಡ್ಯೂರ್ನ್‌ಸ್ಟೈನ್, ಸ್ಪಿಟ್ಸ್ ಇರುವ ಉತ್ತರ ದಂಡೆಯಲ್ಲಿ ಗಾಳಿ ಕಡಿಮೆಯೋ, ದಕ್ಷಿಣ ದಂಡೆಯಲ್ಲೋ? ಈಗ ಸೀಸನ್ ಅಲ್ಲ. ನಡುವೆ ಬಿಸಿ ಸೂಪ್ ಕೊಟ್ಟು, ಚಾರ್ಜ್ ಮಾಡಲು ಬಿಡುವ ಹೋಟೆಲ್ ತೆರೆದಿರುತ್ತದೆಯೇ? ಇನ್ನೊಂದು ಮುಖ್ಯ ವಿಷಯ, ಹೆಂಡತಿಯ ಬೆರಳು ಎರಡು ಜೊತೆ ಗ್ಲೌಸ್ ಹಾಕಿದರೂ ಮರಗಟ್ಟುತ್ತವೆ. ಬ್ರೇಕ್ ಹಿಡಿಯಲೂ ಆಗುವುದಿಲ್ಲ. ನನಗೆ ಇದೇ ದೊಡ್ಡ ಚಿಂತೆ. ಹ್ಯಾಂಡಲ್‌ಗೇ ಹಾಕುವ ದಪ್ಪ ಕವರ್ ಬಳಸಿದವರಿದ್ದೀರಾ? ಕ್ರೆಮ್ಸ್‌ನಲ್ಲಿ ಎಲ್ಲಿ ಸಿಗಬಹುದು?

ಅಂಗಡಿ ತೆರೆದ ಮೇಲೆಯೇ ಹೊರಡುತ್ತೇವೆ. ಬೆಳಿಗ್ಗೆಯೊಳಗೆ ತಿಳಿಸಿದರೆ ತುಂಬಾ ಉಪಕಾರವಾಗುತ್ತದೆ.